ಒಂದು ಚೀಟಿ ಉಳಿಸಿದ ನಾಲೆ

ಇಂಗ್ಲೆಂಡಿನ ಹಳೆಯ ನಾಲೆಗಳ ಖರ್ಚನ್ನು ಯಾರು ಹೊರಬೇಕು ಅನ್ನುವ ಚರ್ಚೆ ಮತ್ತೆ ಜೋರಾಗಿದೆ. 2027ರಿಂದ ಹತ್ತು ವರ್ಷಕ್ಕೆ 40 ಕೋಟಿ ಪೌಂಡಿಗಿಂತ ಸ್ವಲ್ಪ ಜಾಸ್ತಿ ಕೊಡುತ್ತೇವೆ, ಆದರೆ ವರ್ಷ ವರ್ಷವೂ ಕಡಿಮೆ ಮಾಡುತ್ತಾ ಹೋಗುತ್ತೇವೆ ಎಂದು ಅಲ್ಲಿನ ಸರ್ಕಾರ 2023ರಲ್ಲಿ ಹೇಳಿತು. ಹಾಗಾದರೆ ಉಳಿದದ್ದು? ಸ್ವಯಂಸೇವಕರು ಇದ್ದಾರಲ್ವಾ ಅನ್ನುವ ಮಾತು ಬಂದೇ ಬರುತ್ತದೆ. ಈ ಮಾತಿನ ಬೇರು ಷೇಕ್ಸ್‌ಪಿಯರ್ ಹುಟ್ಟಿದ ಊರಾದ ಸ್ಟ್ರಾಟ್‌ಫರ್ಡ್‌ನ ನಾಲೆಯಲ್ಲಿದೆ.

ನಮ್ಮಲ್ಲಿ ನಾಲೆ ಅಂದರೆ ಗದ್ದೆಗೆ ನೀರು. ಅಲ್ಲಿ ನಾಲೆ ಅಂದರೆ ಸರಕಿನ ದಾರಿ. ದೋಣಿಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದರು, ದಡದ ಮೇಲೆ ಕುದುರೆ ಅದನ್ನು ಹಗ್ಗದಿಂದ ಎಳೆಯುತ್ತಿತ್ತು. ಏರು ತಗ್ಗು ಬಂದಲ್ಲಿ ಲಾಕ್ ಕಟ್ಟುತ್ತಿದ್ದರು. ಹಿಂದೆ ಮುಂದೆ ಮರದ ಬಾಗಿಲಿರುವ ತೊಟ್ಟಿ ಅದು. ನೀರು ತುಂಬಿದರೆ ದೋಣಿ ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಸ್ಟ್ರಾಟ್‌ಫರ್ಡ್ ನಾಲೆ 1816ರಲ್ಲಿ ಪೂರ್ತಿಯಾಯಿತು, 1856ರಲ್ಲಿ ರೈಲ್ವೆ ಕಂಪನಿಯ ಕೈಗೆ ಹೋಯಿತು, 1948ರಲ್ಲಿ ಸರ್ಕಾರದ್ದಾಯಿತು. ಅಷ್ಟರಲ್ಲಿ ದಕ್ಷಿಣದ ಭಾಗ ಹೂಳು ತುಂಬಿ, ಜೊಂಡು ಬೆಳೆದು ಮಲಗಿತ್ತು.

ಅದರ ಮೇಲಿನ ಸಣ್ಣ ಸೇತುವೆಗಳನ್ನು ಒಮ್ಮೆ ನೋಡಬೇಕು. ಎರಕದ ಕಬ್ಬಿಣದ ಎರಡು ಅರ್ಧಗಳು ಎರಡೂ ದಡದಿಂದ ಚಾಚಿಕೊಂಡಿವೆ. ನಡುವೆ ಒಂದಿಂಚಿನಷ್ಟು ಸಂದು. ಸೇತುವೆಯ ಕೆಳಗೆ ಕುದುರೆ ನಡೆಯಲು ಜಾಗವಿಲ್ಲ, ಅದು ಪಕ್ಕದಿಂದ ಬಳಸಿ ಹೋಗುತ್ತಿತ್ತು. ಹಗ್ಗ ಮಾತ್ರ ಆ ಸಂದಿನಲ್ಲಿ ನುಸುಳಿ ಹೋಗುತ್ತಿತ್ತು. ಕುದುರೆ ಬಿಚ್ಚುವ ಕೆಲಸವೇ ಇಲ್ಲ. ಇಷ್ಟು ಜಾಣತನದ ಕೆಲಸವನ್ನು ಸುಮ್ನೆ ಮುಚ್ಚಿಬಿಡುವುದೇ?

1950ರ ದಶಕದಲ್ಲಿ ಹೆಚ್ಚುಕಡಿಮೆ ಆಗಲಿದ್ದುದು ಅದೇ. ನಾಲೆಯ ಮೇಲಿನ ರಸ್ತೆ ಸೇತುವೆಯೊಂದನ್ನು ಹೊಸದಾಗಿ ಕಟ್ಟಬೇಕಿತ್ತು. ನಾಲೆಯೇ ಇಲ್ಲದಿದ್ದರೆ ಖರ್ಚು ಉಳಿಯುತ್ತದೆ. ಮೂರು ವರ್ಷ ಯಾರೂ ಬಳಸದ ನಾಲೆಯನ್ನು ಕೈಬಿಡಬಹುದು ಎಂದು ಕಾನೂನು ಹೇಳುತ್ತಿತ್ತು. ಜಿಲ್ಲಾ ಕೌನ್ಸಿಲ್ ಅರ್ಜಿ ಹಾಕಿತು. ಆಗ ಹೊರಬಂದದ್ದು ಪುಟ್ಟ ದೋಣಿಯವರ ಸುಂಕದ ಚೀಟಿ. ಅವರು ದುಡ್ಡು ಕೊಟ್ಟು ಆ ನಾಲೆಯಲ್ಲಿ ದೋಣಿ ನಡೆಸಿದ್ದರು, ಚೀಟಿಯ ಮೇಲೆ ತಾರೀಖು ಇತ್ತು. ಬಳಕೆಯಲ್ಲಿದೆ ಅನ್ನಲು ಅಷ್ಟು ಸಾಕಾಯಿತು. 1959ರಲ್ಲಿ ಅರ್ಜಿ ಬಿದ್ದುಹೋಯಿತು.

ಮುಂದಿನ ವರ್ಷ, ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ನಾಲೆಯ ಆ ದಕ್ಷಿಣದ ಭಾಗವನ್ನು ಗುತ್ತಿಗೆಗೆ ಪಡೆಯಿತು. ಕೆಲಸ ನಡೆಸಲು ಬಂದವರು ಡೇವಿಡ್ ಹಚಿಂಗ್ಸ್. ಅವರು ಓದಿದ್ದು ಕಟ್ಟಡ ವಿನ್ಯಾಸ, ನಾಲೆಯ ಎಂಜಿನಿಯರಿಂಗ್ ಅಲ್ಲ. 1961ರ ಮಾರ್ಚ್‌ನಲ್ಲಿ ಕೆಲಸ ಶುರು. ಎದುರಿಗಿದ್ದದ್ದು ಸುಮಾರು 21 ಕಿಲೋಮೀಟರ್, 36 ಲಾಕ್. ವಾರದ ರಜೆಯಲ್ಲಿ ಸ್ವಯಂಸೇವಕರು ಬಂದರು, ಸೈನಿಕರು ಬಂದರು, ಬರ್ಮಿಂಗ್‌ಹ್ಯಾಮ್ ಜೈಲಿನ ಕೈದಿಗಳೂ ಬಂದರು. ಕೆಸರಲ್ಲಿ ನಿಂತು ಸಲಿಕೆ ಹಿಡಿದವರಲ್ಲಿ ಯಾರು ಯಾರು ಅಂತ ಗುರುತಿಸುವುದು ಕಷ್ಟವಿದ್ದಿರಬೇಕು. 1964ರ ಜುಲೈ 11ರಂದು ರಾಜಮಾತೆ ನಾಲೆಯನ್ನು ಮತ್ತೆ ತೆರೆದರು. ಅದು ಷೇಕ್ಸ್‌ಪಿಯರ್ ಹುಟ್ಟಿದ 400ನೇ ವರ್ಷ.

ಊರಿಗೆ ಸಿಕ್ಕಿದ್ದೇನು? ನಾಟಕಶಾಲೆಯ ಮುಂದೆ ದೋಣಿಗಳು ನಿಲ್ಲುವ ಕೊಳ, ದಡದ ಮೇಲೆ ಯಾರು ಬೇಕಾದರೂ ನಡೆಯಬಹುದಾದ ದಾರಿ. ಇಂಥ ಕೆಲಸ ಆಗುತ್ತದೆ ಅನ್ನುವ ಧೈರ್ಯ ಬೇರೆ ಊರುಗಳಿಗೂ ಬಂತು. ಸತ್ತ ನಾಲೆಗಳು ಒಂದೊಂದಾಗಿ ಎದ್ದವು.

ಆದರೆ ಹೂಳು ಎತ್ತುವುದು ಒಂದು ಸಲದ ಕೆಲಸವಲ್ಲ. ನಿರ್ವಹಣೆಯ ಖರ್ಚು ಟ್ರಸ್ಟ್‌ಗೂ ಭಾರವಾಯಿತು. 1988ರಲ್ಲಿ ಈ ನಾಲೆ ಮತ್ತೆ ಸರ್ಕಾರಿ ಜಲಮಾರ್ಗ ಮಂಡಳಿಗೆ ಹೋಯಿತು. 2012ರಲ್ಲಿ ಆ ಹೊಣೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಬಂತು. ಇವತ್ತೂ ಲಾಕ್‌ಗಳ ಬಳಿ ಸ್ವಯಂಸೇವಕರು ಇರುತ್ತಾರೆ, ಬಾಗಿಲು ತಳ್ಳುತ್ತಾರೆ, ಬಣ್ಣ ಬಳಿಯುತ್ತಾರೆ, ಕಸ ಹೆಕ್ಕುತ್ತಾರೆ. ಅವರ ಪ್ರೀತಿ ದೊಡ್ಡದು. ಬಿಟ್ಟಿ ಕೂಲಿ ಅಂತ ಅದನ್ನು ಬಜೆಟ್ಟಿನ ಲೆಕ್ಕಕ್ಕೆ ಹಿಡಿಯಬಾರದು. ಲಾಕಿನ ಓಕ್ ಮರದ ಬಾಗಿಲು ಬಾಳುವುದು ಸುಮಾರು 25 ವರ್ಷ. 1964ರಿಂದ ಲೆಕ್ಕ ಹಾಕಿದರೆ, ಬದಲಿಸುವ ಸರದಿ ಆಗಲೇ ಎರಡು ಸಲ ಬಂದಿದೆ.