ಉಮೇಶ್ ರೆಡ್ಡಿ ಕೇಸು: ಗಲ್ಲು ಶಿಕ್ಷೆಯ ಕೈದಿ ಅನ್ನುವುದು ಯಾವತ್ತಿನಿಂದ?

ಅಪರಾಧದ ಭಾಗ ಬೇಗ ಮುಗಿಸುತ್ತೇನೆ. ಉಮೇಶ್ ರೆಡ್ಡಿ ಚಿತ್ರದುರ್ಗ ಜಿಲ್ಲೆಯವನು. ಮೊದಲು ಸಿಆರ್‌ಪಿಎಫ್‌ನಲ್ಲಿದ್ದ, ಆಮೇಲೆ ಪೊಲೀಸ್ ಕಾನ್‌ಸ್ಟೇಬಲ್. ಹೆಂಗಸರು ಒಬ್ಬರೇ ಇರುವ ಮನೆಗೆ ಏನೋ ನೆಪ ಹೇಳಿ ನುಗ್ಗುವುದು, ಅತ್ಯಾಚಾರ, ಕೊಲೆ, ಒಡವೆ ಕದ್ದು ಪರಾರಿ. ಕೇಸುಗಳು ಹಲವು. ನಮಗೆ ಬೇಕಾದದ್ದು 1998ರ ಫೆಬ್ರವರಿ 28ರ ಪೀಣ್ಯದ ಕೊಲೆ.

ಅದರಲ್ಲಿ ಮರೆಯಲಾಗದ ಸಾಕ್ಷಿ, ಸತ್ತ ಹೆಂಗಸಿನ ಏಳು ವರ್ಷದ ಮಗ. ಆಟ ಮುಗಿಸಿ ಮನೆಗೆ ಬಂದು ಅಮ್ಮ ಎಲ್ಲಿ ಅಂತ ಕೇಳಿದ. ದೆವ್ವ ಹಿಡಿದಿದೆ, ಕಟ್ಟಿಹಾಕಿದ್ದೇನೆ, ಡಾಕ್ಟರನ್ನು ಕರೆತರುತ್ತೇನೆ ಅಂತ ಹೇಳಿ ರೆಡ್ಡಿ ಬ್ಯಾಗು ಹಿಡಿದು ಹೊರಟುಬಿಟ್ಟ.

2006ರಲ್ಲಿ ಸೆಷನ್ಸ್ ಕೋರ್ಟು ಗಲ್ಲು ಕೊಟ್ಟಿತು. ಹೈಕೋರ್ಟಿನಲ್ಲಿ ಇಬ್ಬರು ಜಡ್ಜುಗಳಿಗೆ ಶಿಕ್ಷೆ ಬಗ್ಗೆ ಒಮ್ಮತ ಆಗಲಿಲ್ಲ. 2009ರಲ್ಲಿ ಮೂರನೆಯವರು ಗಲ್ಲನ್ನೇ ಎತ್ತಿಹಿಡಿದರು. 2011ರಲ್ಲಿ ಸುಪ್ರೀಂ ಕೋರ್ಟೂ ಹೂಂ ಅಂದಿತು. 2013ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಕ್ಷಮಾದಾನ ಅರ್ಜಿ ತಳ್ಳಿಹಾಕಿದರು. ಆದರೂ 2022ರ ನವೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಗಲ್ಲು ತೆಗೆಯಿತು. ಯಾಕೆ?

ಕ್ಷಮಾದಾನ ಅರ್ಜಿಯ ತೀರ್ಮಾನ ತಡವಾಯಿತು ಅಂತ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕು ಕಳೆದುಕೊಂಡೆ. ಅದಲ್ಲ. ಅರ್ಜಿಗೆ ಹಿಡಿದ ಎರಡು ವರ್ಷ ಮೂರು ತಿಂಗಳು ಅಂಥ ತಡವೇನಲ್ಲ ಅಂತ ಕೋರ್ಟೇ ಹೇಳಿದೆ. ನಿಜವಾದ ಕಾರಣ ಒಂಟಿ ಸೆರೆ. 2006ರಿಂದ 2016ರವರೆಗೆ ಬೆಳಗಾವಿ ಜೈಲಿನಲ್ಲಿ ಅವನನ್ನು ಒಬ್ಬನೇ ಇಟ್ಟಿದ್ದರು.

ಇಲ್ಲೇ ನಾನು ಎಡವಿದ್ದು. 1894ರ ಜೈಲು ಕಾಯ್ದೆಯ 30ನೇ ಕಲಂ, ಮರಣದಂಡನೆಯ ಕೈದಿಯನ್ನು ಬೇರೆ ಕೋಣೆಯಲ್ಲಿಡಿ ಅನ್ನುತ್ತದೆ. ಹಾಗಾದರೆ ಜೈಲಿನವರು ಮಾಡಿದ್ದು ಸರಿಯೇ ಅಲ್ವಾ? ಅಲ್ಲ. ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಓದಿದ ಮೇಲೆ ಬಲ್ಬು ಹತ್ತಿತು. ಸೆಷನ್ಸ್ ಜಡ್ಜು ಗಲ್ಲು ಅಂದ ದಿನವೇ ಆ ಕಲಂ ಅಂಟಿಕೊಳ್ಳುವುದಿಲ್ಲ. ಅಪೀಲು ಮುಗಿಯಬೇಕು, ಕ್ಷಮಾದಾನ ಅರ್ಜಿಯೂ ತಿರಸ್ಕಾರವಾಗಬೇಕು, ಹಗ್ಗ ಬಿಟ್ಟು ಇನ್ನೇನೂ ಉಳಿದಿರಬಾರದು. ಅಲ್ಲಿಯವರೆಗೆ ಅವನು ಉಳಿದ ಕೈದಿಗಳ ಹಾಗೆಯೇ.

ಈಗ ವರ್ಷ ಎಣಿಸಿ. ಶಿಕ್ಷೆ 2006, ಕ್ಷಮಾದಾನ ತಿರಸ್ಕಾರವಾದದ್ದು 2013. ನಡುವಿನ ಏಳು ವರ್ಷದ ಒಂಟಿ ಸೆರೆಗೆ ಕಾನೂನಿನ ಆಸರೆಯೇ ಇಲ್ಲ! ಕೋರ್ಟೇ ಒಂಟಿ ಸೆರೆಯನ್ನು ಶಿಕ್ಷೆಯಾಗಿ ಕೊಟ್ಟರೂ, 2024ರ ಜುಲೈವರೆಗೆ ಜಾರಿಯಲ್ಲಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 73ರಲ್ಲಿ ಒಟ್ಟು ಮೂರು ತಿಂಗಳೇ ಮಿತಿ ಇತ್ತು, 74ರ ಪ್ರಕಾರ ಒಂದೇ ಸಲಕ್ಕೆ 14 ದಿನ ಮೀರುವ ಹಾಗಿರಲಿಲ್ಲ. ನನ್ನ ಸೂತ್ರ ಇದು: ಮೊದಲು ಕ್ಷಮಾದಾನ ತಿರಸ್ಕಾರವಾದ ತಾರೀಖು ಹುಡುಕಿ, ಅದಕ್ಕಿಂತ ಹಿಂದಿನ ಒಂಟಿ ಸೆರೆಯೆಲ್ಲ ಅಕ್ರಮ ಅಂತ ಗೆರೆ ಎಳೆಯಿರಿ.

ಗಲ್ಲು ಹೋಯಿತು ಅಂದರೆ ಬಿಟ್ಟರು ಅಂತಲ್ಲ. ಅಪರಾಧಿ ಅನ್ನುವ ತೀರ್ಮಾನ ಹಾಗೇ ಇದೆ. ಶಿಕ್ಷೆ ಜೀವಾವಧಿಯಾಯಿತು. ಕನಿಷ್ಠ 30 ವರ್ಷ ಕಳೆದ ಮೇಲಷ್ಟೇ ಶಿಕ್ಷೆ ಕಡಿತದ ಅರ್ಜಿ ನೋಡಬಹುದು. ಅದೂ ಸಿಗದಿದ್ದರೆ ಉಸಿರಿರುವವರೆಗೂ ಜೈಲು. ಜೀವಾವಧಿ ಅಂದರೆ 14 ವರ್ಷ ಅಂತ ಮಾತ್ರ ಬರೆಯಬೇಡಿ.