ಸಹಿ ಕೊನೆಗೆ ನೋಡಿ: ಜಪಾನಿ ಕತ್ತಿಯ ಅಲಂಕಾರ ಯಾರ ಕೈಯದು?

1876ರ ಮಾರ್ಚ್‌ನಲ್ಲಿ ಮೆಯ್ಜಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಸೊಂಟದಿಂದ ಇಳಿದ ಎಷ್ಟೋ ಕತ್ತಿಗಳನ್ನು ಬಿಚ್ಚಿ ಮಾರಿದರು. ಕೈಗೂ ಅಲಗಿಗೂ ನಡುವೆ ಕೂರುವ ತಟ್ಟೆ ತ್ಸುಬಾ ಒಂದೆಡೆ ಹೋಯಿತು, ಹಿಡಿಯ ಎರಡು ತುದಿಯ ಫುಚಿ-ಕಾಶಿರಾ ಇನ್ನೊಂದೆಡೆ, ಹಿಡಿಗೆ ಸುತ್ತಿದ ಪಟ್ಟಿಯಡಿ ಸಿಕ್ಕಿಸುವ ಮೆನುಕಿ ಮತ್ತೊಂದೆಡೆ. ಹೀಗೆ ಬಿಡಿಬಿಡಿಯಾಗಿ ಯುರೋಪ್, ಅಮೆರಿಕ ಸೇರಿದ ತುಣುಕುಗಳ ಊರು-ಮನೆತನ ಹುಡುಕುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಹೊಸಬರು ಮೊದಲು ಸಹಿ ಹುಡುಕುತ್ತಾರೆ, ಎಡವುವುದೂ ಅಲ್ಲೇ. ಶೋಗುನ್ (ಸೇನಾಡಳಿತಗಾರ) ಅಶಿಕಾಗಾ ಯೋಶಿಮಾಸನ ಆಶ್ರಯದಲ್ಲಿದ್ದ ಗೋತೊ ಯೂಜೊನಿಂದ (1440–1512) ಶುರುವಾದ, ಕತ್ತಿಯ ಅಲಂಕಾರ ಕೆತ್ತುವ ಗೋತೊ ಮನೆತನದ ಆರಂಭದ ಕೆಲಸಗಳಲ್ಲಿ ಸಾಮಾನ್ಯವಾಗಿ ಸಹಿಯೇ ಇರುವುದಿಲ್ಲ. ‘ಇದು ನಮ್ಮ ಹಿರಿಯರದು’ ಎಂದು ಪ್ರಮಾಣಪತ್ರ ಬರೆದುಕೊಟ್ಟವರು ಎಷ್ಟೋ ತಲೆಮಾರಿನ ನಂತರದವರು. ಇತ್ತ ಕೆತ್ತನೆಗಾರ ಯೊಕೊಯಾ ಸೋಮಿನ್ (1670–1733) ಹೆಸರು ಮಾತ್ರ ಅವನು ಮುಟ್ಟದ ವಸ್ತುಗಳ ಮೇಲೂ ಧಾರಾಳವಾಗಿ ಸಿಗುತ್ತದೆ!

ಹಾಗಾಗಿ ಮೊದಲು ನೆಲ ನೋಡಬೇಕು, ಅಂದರೆ ಚಿತ್ರದ ಹಿಂದಿನ ಲೋಹದ ಮೈ. ಗೋತೊ ಮನೆಯ ನೆಲ ಶಾಕುದೊ, ತಾಮ್ರಕ್ಕೆ ಶೇ. 3–5ರಷ್ಟು ಚಿನ್ನ ಬೆರೆಸಿದ, ನೀಲಿ ಮಿಶ್ರಿತ ಕಪ್ಪು ಲೋಹ. ಅದರ ಮೇಲೆ ಮೀನಿನ ಮೊಟ್ಟೆಯಂಥ ನಾನಾಕೊ ಕಾಳುಗಳು. ತುದಿ ಬಟ್ಟಲಿನಂತೆ ಕೊರೆದ ಮೊಳೆಯನ್ನು ಒಂದೊಂದು ಕಾಳಿಗೂ ಬೇರೆಯಾಗಿ ಹೊಡೆದು ಇವನ್ನು ಎಬ್ಬಿಸುತ್ತಾರೆ. ಭೂತಗನ್ನಡಿಯಲ್ಲಿ ಕಾಳುಗಳ ನಡುವಿನ ಸಂದು ಚೂಪಾಗಿ, ಸಾಲು ನೆಟ್ಟಗೆ ಕಂಡರೆ ಒಳ್ಳೆಯ ಕೈ. ಸಂದು ತುಂಬಿಕೊಂಡು ಕಾಳಿಗೆ ಕಾಳು ಅಂಟಿದಂತಿದ್ದರೆ ಎರಕದ ನಕಲು ಎಂಬ ಅನುಮಾನ ಬರಬೇಕು.

ಸೋಮಿನ್ ಆಸ್ಥಾನದ ಈ ಕಟ್ಟುಪಾಡು ಬಿಟ್ಟು ಪೇಟೆಯ ಗಿರಾಕಿಗಳಿಗೆ ಕೆತ್ತಿದವನು. ಅವನ ಕತಾಕಿರಿ (ಚಾಣ ವಾಲಿಸಿ ಕೆತ್ತಿದ) ಗೆರೆಯ ಒಂದು ಗೋಡೆ ಕಡಿದಾಗಿರುತ್ತದೆ, ಇನ್ನೊಂದು ಇಳಿಜಾರು. ಚಾಣ ವಾಲಿದಷ್ಟೂ ಗೆರೆ ಅಗಲವಾಗಿ, ಕುಂಚದಲ್ಲಿ ಎಳೆದಂತೆ ಕಾಣುತ್ತದೆ. ನಕಲು ಮಾಡಿದವರ ಗೆರೆ ಅಗಲ ಬದಲಿಸುವ ಕಡೆ ತಡವರಿಸುತ್ತದೆ.

ಕಬ್ಬಿಣದ ತ್ಸುಬಾ ಬೇರೆಯೇ ಲೋಕ. ಓವಾರಿ ಪ್ರಾಂತ್ಯದ್ದು ಗಟ್ಟಿಮುಟ್ಟು, ಕೊರೆದ ವಿನ್ಯಾಸವೂ ಅಷ್ಟೇ ಬಿಗಿ. ಚಹಾ ರಸಿಕ ಹೊಸೊಕಾವಾ ತಾದಾಒಕಿಯ ಅಭಿರುಚಿಯಲ್ಲಿ ಬೆಳೆದ ಹಿಗೊ ಪ್ರಾಂತ್ಯದ ಶೈಲಿಯಲ್ಲಿ ಖಾಲಿ ಜಾಗವೇ ಮಾತಾಡುತ್ತದೆ.

ಇಷ್ಟೆಲ್ಲ ಗುರುತನ್ನು ಅಳಿಸಲು ಒಂದು ಡಬ್ಬಿ ಪಾಲಿಶ್ ಸಾಕು. ಶಾಕುದೊದ ಕಪ್ಪು ಬರುವುದು ತುರಿದ ಮೂಲಂಗಿಯಲ್ಲಿ ಅದ್ದಿ, ಕಿಲುಬು ಮತ್ತು ಮೈಲುತುತ್ತದ ನೀರಿನಲ್ಲಿ ಕುದಿಸಿದಾಗ. ಆ ಪದರ ತೀರಾ ತೆಳು. ಉಜ್ಜಿದರೆ ಏಣುಗಳಲ್ಲಿ ಮೊದಲು ತಾಮ್ರದ ಕೆಂಪು ಇಣುಕುತ್ತದೆ. ಕಬ್ಬಿಣದ ಕೆಂಪು ತುಕ್ಕಿಗೂ ಆಮ್ಲ ಬೇಡ, ಅದು ಹಳೆಯ ಕಂದುಗಪ್ಪು ಮೈಯನ್ನೂ ತಿಂದುಹಾಕುತ್ತದೆ. ಮೂಳೆಯ ಚೂರಿನಿಂದ ತುಕ್ಕನ್ನಷ್ಟೇ ಮೆಲ್ಲಗೆ ಕೆರೆಯುವುದು ವಾಡಿಕೆ.