ಉಬ್ಬಿದ ರಕ್ತನಾಳಕ್ಕೆ ಒಳಗಿನಿಂದಲೇ ಜಾಲರಿ

ಮಿದುಳಿನ ರಕ್ತನಾಳ ಉಬ್ಬಿದೆ ಎಂದು ಸ್ಕ್ಯಾನ್ ವರದಿ ಬಂದರೆ ಮನೆಯವರು ಮೊದಲು ಕೇಳುವುದು, ‘ತಲೆ ಓಪನ್ ಮಾಡ್ತಾರಾ?’ ಆಮೇಲೆ, ‘ಗಡ್ಡೆ ಎಷ್ಟು ದೊಡ್ಡದು?’ ಅದು ಗಡ್ಡೆಯಲ್ಲ ಮಾರಾಯ್ರೇ! ನಾಳದ ಗೋಡೆ ಸೋತ ಕಡೆ ಹೊರಚಾಚಿದ, ರಕ್ತ ತುಂಬಿದ ಚೀಲ. ಹೆಸರು ಅನ್ಯೂರಿಸಂ. ಒಡೆದರೆ ಜೀವಕ್ಕೇ ಸಂಚಕಾರ.

ಬುರುಡೆ ತೆರೆದು ಚೀಲದ ಕುತ್ತಿಗೆಗೆ ಕ್ಲಿಪ್ ಹಾಕುವುದನ್ನು ಅಮೆರಿಕದ ನರಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1937ರಲ್ಲೇ ಮಾಡಿ ತೋರಿಸಿದರು. ಈಗಲೂ ಕೆಲವರಿಗೆ ಅದೇ ಸರಿ. ಇನ್ನೊಂದು ದಾರಿ ತೊಡೆಸಂದಿನಿಂದ ಹೊರಟು ರಕ್ತನಾಳದೊಳಗೇ ಸಾಗುತ್ತದೆ. ಮಾಸ್ಕೋದ ನರಶಸ್ತ್ರವೈದ್ಯ ಸೆರ್ಬಿನೆಂಕೊ ಮೇ ದಿನದಂದು ಮಕ್ಕಳು ದಾರ ಹಿಡಿದು ಆಡಿಸುತ್ತಿದ್ದ ಬಲೂನು ನೋಡಿ, ಇದನ್ನು ನಾಳದೊಳಗೆ ಬಿಟ್ಟರೆ ಹೇಗೆ ಎಂದುಕೊಂಡರಂತೆ. ನಾಳದೊಳಗೆ ಬಿಟ್ಟು ಕಳಚಬಲ್ಲ ಬಲೂನಿನ ಅವರ ವರದಿ 1974ರಲ್ಲಿ ಬಂತು. 1990ರಲ್ಲಿ ಇಟಲಿಯ ವೈದ್ಯ ಗುಲ್ಯೆಲ್ಮಿಯವರ ಪ್ಲಾಟಿನಂ ಸುರುಳಿ ಮೊದಲ ರೋಗಿಯನ್ನು ತಲುಪಿತು. ತೀರಾ ಸಣ್ಣ ವಿದ್ಯುತ್ ಹರಿಸಿದರೆ ಸುರುಳಿಯನ್ನು ಹಿಡಿದ ಉಕ್ಕಿನ ತಂತಿಯ ತುದಿ ಕರಗಿ, ಸುರುಳಿ ಚೀಲವನ್ನು ತುಂಬಿಕೊಂಡು ಅಲ್ಲೇ ಉಳಿಯುತ್ತದೆ.

ದೊಡ್ಡ ಚೀಲಗಳು ಮಾತ್ರ ಇದಕ್ಕೆ ಜಗ್ಗಲಿಲ್ಲ. 10 ಮಿ.ಮೀ. ದಾಟಿದ, ಬಾಯಿ ಅಗಲವಾದ ಚೀಲದಿಂದ ಸುರುಳಿ ನಾಳಕ್ಕೆ ಜಾರುತ್ತದೆ. ಇಲ್ಲವೇ ನಾಡಿಯ ಬಡಿತಕ್ಕೆ ಅದುಮಿಕೊಂಡು, ಚೀಲಕ್ಕೆ ಮತ್ತೆ ರಕ್ತ ನುಗ್ಗುತ್ತದೆ.

ಆಗ ಹೊಳೆದದ್ದು, ಚೀಲವನ್ನು ಮುಟ್ಟುವುದೇ ಬೇಡ ಎಂಬ ಉಪಾಯ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ‘ಪೈಪ್‌ಲೈನ್’ 48 ಎಳೆಗಳಿಂದ ಹೆಣೆದ ಲೋಹದ ಕೊಳವೆ. ಅದನ್ನು ಚೀಲದ ಬಾಯಿಗೆ ಅಡ್ಡವಾಗಿ, ನಾಳದ ಉದ್ದಕ್ಕೂ ಬಿಚ್ಚುತ್ತಾರೆ. ಲೋಹ ಮುಚ್ಚುವುದು ಮೂರನೇ ಒಂದು ಭಾಗವನ್ನಷ್ಟೇ; ಉಳಿದದ್ದೆಲ್ಲ ಕಿಂಡಿ. ಹಾಗಿದ್ದರೆ ಅಲ್ಲೇ ಕವಲೊಡೆಯುವ ಕಣ್ಣಿನ ಅಪಧಮನಿಗೆ ರಕ್ತ ಹೋಗುತ್ತದೆ, ಚೀಲಕ್ಕೆ ಏಕೆ ಹೋಗುವುದಿಲ್ಲ? ಕವಲಿನ ಆಚೆ ತುದಿಯಲ್ಲಿ ಒತ್ತಡ ಕಡಿಮೆ, ಹಾಗಾಗಿ ಅದು ರಕ್ತವನ್ನು ಎಳೆದುಕೊಳ್ಳುತ್ತದೆ. ಚೀಲಕ್ಕೆ ಆಚೆ ದಾರಿಯೇ ಇಲ್ಲ. ಹೊಳೆಯಿಂದ ಬೇರೆಯಾದ ಮಡುವಿನಂತೆ ಒಳಗಿನ ರಕ್ತ ನಿಧಾನಿಸಿ, ಸುತ್ತಿ, ಹೆಪ್ಪುಗಟ್ಟುತ್ತದೆ. ಜಾಲರಿಯ ಮೇಲೆ ನಾಳದ ಒಳಪೊರೆ ಬೆಳೆದು ಬಾಯಿ ಮುಚ್ಚುತ್ತದೆ. ಅಂದರೆ ರಿಪೇರಿ ಮಾಡುವುದು ದೇಹವೇ!

ಅದಕ್ಕೆ ತಿಂಗಳುಗಳೇ ಬೇಕು. ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ ಒಂದು ವರ್ಷಕ್ಕೆ ಶೇ 86.8, ಐದು ವರ್ಷಕ್ಕೆ, ಮತ್ತೆ ರಕ್ತನಾಳದ ಚಿತ್ರ ತೆಗೆಸಿಕೊಂಡವರಲ್ಲಿ, ಶೇ 95.2 ಚೀಲಗಳು ಪೂರ್ತಿ ಮುಚ್ಚಿದ್ದವು. ಅಪಾಯವೂ ಇತ್ತು: 107 ಮಂದಿಯಲ್ಲಿ 6 ಜನರಿಗೆ ದೊಡ್ಡ ಪಾರ್ಶ್ವವಾಯು ಅಥವಾ ನರಸಂಬಂಧಿ ಸಾವು. ಹೊಸ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಜೊತೆ ಕ್ಲೋಪಿಡೊಗ್ರೆಲ್ ನುಂಗಲೇಬೇಕು. ಆಗಷ್ಟೇ ಒಡೆದ ಚೀಲಕ್ಕೆ ಇದನ್ನು ಹಾಕಲು ವೈದ್ಯರು ಹಿಂಜರಿಯುವುದೂ ರಕ್ತಸ್ರಾವ ಹೆಚ್ಚಿಸಬಲ್ಲ ಈ ಮಾತ್ರೆಗಳಿಂದಲೇ. ‘ಆಪರೇಶನ್ ಆಯ್ತಲ್ಲ, ಇಂಗ್ಲಿಷ್ ಮಾತ್ರೆ ಉಷ್ಣ’ ಎಂದು ಯಾರದೋ ಮಾತು ಕೇಳಿ ಅವನ್ನು ಬಿಟ್ಟರೆ, ಚೀಲದೊಳಗೆ ಆಗಬೇಕಾದ ಹೆಪ್ಪು ಜಾಲರಿಯೊಳಗೇ ಆಗಿ, ಮಿದುಳಿನ ದೊಡ್ಡ ಭಾಗಕ್ಕೆ ರಕ್ತ ನಿಲ್ಲಬಹುದು.